ಮರ ಹತ್ತುವ ಕಸುಬು ಸ್ವಂತ ಉದ್ಯೋಗವಾಗಿ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗೆ ಅಧ್ಯಯನ ಲೇಖನ



ನಮ್ಮ ಮೂರು ಕರಾವಳಿ ತಾಲೂಕುಗಳಲ್ಲಿ ಮರ ಹತ್ತುವ ಕೆಲಸವನ್ನೇ ನಂಬಿ ಬದುಕುವ ಕುಟುಂಬಗಳು ಹೆಚ್ಚು ಕಡಿಮೆ ಪ್ರತಿ ಗ್ರಾಮದಲ್ಲಿಯೂ ಇವೆ. ತೆಂಗಿನಕಾಯಿ ಕೊಯ್ಯುವವರು, ಅಡಿಕೆ ತೋಟದ ಕೊನೆಗೌಡರು, ಕೊಳೆರೋಗಕ್ಕೆ ಔಷಧ ಸಿಂಪಡಿಸುವವರು, ಮಳೆಗಾಲಕ್ಕೆ ಮುನ್ನ ಮಾಡಿನ ಮೇಲೆ ಬಾಗಿದ ಟೊಂಗೆಗಳನ್ನು ಕಡಿಯುವವರು ಇವರಲ್ಲಿ ಸೇರಿದ್ದಾರೆ. ಅನೇಕ ಕಡೆ ಈ ನಾಲ್ಕೂ ಕೆಲಸಗಳನ್ನು ಮಾಡುವವನು ಒಬ್ಬನೇ. ಇವರಿಗೆ ಮಾಲೀಕನಿಲ್ಲ, ಹಾಜರಿ ಪುಸ್ತಕವಿಲ್ಲ, ಭವಿಷ್ಯ ನಿಧಿಯಿಲ್ಲ. ಪಂಚಾಯತ್ ದಾಖಲೆಗಳಲ್ಲಿ ಇವರು "ಕೂಲಿ" ಎಂಬ ಒಂದೇ ಪದದೊಳಗೆ ಅಡಗಿದ್ದಾರೆ. ವಾಸ್ತವದಲ್ಲಿ ಇವರು ಕೂಲಿಕಾರರಲ್ಲ. ತಮ್ಮದೇ ಉಪಕರಣ, ತಮ್ಮದೇ ಗಿರಾಕಿ, ತಮ್ಮದೇ ದರ ಹೊಂದಿರುವ ಸ್ವಉದ್ಯೋಗಿಗಳು. ಈ ವ್ಯತ್ಯಾಸವನ್ನು ಅರಿತರೆ ಇವರಿಗೆ ನೀಡಬಹುದಾದ ನೆರವಿನ ಸ್ವರೂಪವೇ ಬದಲಾಗುತ್ತದೆ ಎಂಬುದು ಈ ಲೇಖನದ ಆಧಾರ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಮರ ಹತ್ತುವವರು ಸಿಗುವುದಿಲ್ಲವೆಂಬ ದೂರು ಗ್ರಾಮ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಆದರೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದವರ ಮನೆಗಳೂ ಅದೇ ಗ್ರಾಮಗಳಲ್ಲಿವೆ. ತಂದೆ ಬಿದ್ದುದನ್ನು ಕಂಡ ಮಗ ಮರ ಹತ್ತುವುದಿಲ್ಲ. ಆದುದರಿಂದ ಮೊದಲನೆಯ ದೂರಿಗೆ ಪರಿಹಾರ ಎರಡನೆಯ ಮನೆಯಿಂದಲೇ ಆರಂಭವಾಗಬೇಕು.

ಎತ್ತರ, ಭಾರ ಮತ್ತು ಕಾಲ

ಈ ಲೇಖಕನು ಓದಿದ್ದು ಎಂಜಿನಿಯರಿಂಗ್. ಆದ ಕಾರಣ ಮೊದಲು ಸ್ವಲ್ಪ ಲೆಕ್ಕ ಹೇಳಲು ಸದಸ್ಯರ ಅನುಮತಿ ಬೇಡುತ್ತೇನೆ. ಹನ್ನೆರಡು ಮೀಟರ್, ಅಂದರೆ ಸುಮಾರು ನಲವತ್ತು ಅಡಿ ಎತ್ತರದ ತೆಂಗಿನ ಮರದಿಂದ ಜಾರಿದ ವ್ಯಕ್ತಿ ನೆಲ ಮುಟ್ಟಲು ತೆಗೆದುಕೊಳ್ಳುವ ಸಮಯ ಸುಮಾರು 1.6 ಸೆಕೆಂಡು. ಆಗ ಅವನ ವೇಗ ಗಂಟೆಗೆ 55 ಕಿ.ಮೀ. ಹೆದ್ದಾರಿಯಲ್ಲಿ ಓಡುವ ಬೈಕಿನಿಂದ ಹೆಲ್ಮೆಟ್ ಇಲ್ಲದೆ ಎಸೆಯಲ್ಪಟ್ಟಂತೆ. "ಮರ ಬಿಟ್ಟರೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ" ಎಂಬ ಮಾತಿಗೆ ಈ 1.6 ಸೆಕೆಂಡಿನಲ್ಲಿ ಸ್ಥಳವಿಲ್ಲ. ಬೀಳುವುದಕ್ಕೆ ಮೊದಲೇ ದೇಹ ಮರಕ್ಕೆ ಕಟ್ಟಲ್ಪಟ್ಟಿರಬೇಕು.

ಟೊಂಗೆಯ ಭಾರದ ವಿಷಯವೂ ಹೀಗೆಯೇ. ಇಪ್ಪತ್ತು ಸೆಂ.ಮೀ. ದಪ್ಪ, ನಾಲ್ಕು ಮೀಟರ್ ಉದ್ದದ ಹಸಿ ಮಾವಿನ ಟೊಂಗೆಯ ತೂಕ, ಎಲೆ ರೆಂಬೆಗಳನ್ನು ಬಿಟ್ಟೇ, ನೂರು ಕಿಲೋಗ್ರಾಂ ಮೀರುತ್ತದೆ. ಕೆಳಗೆ ನಿಂತು ಹಗ್ಗ ಎಳೆಯುವ ಇಬ್ಬರು ಇದನ್ನು ಗಾಳಿಯಲ್ಲಿ ತಡೆಯಲಾರರು. ಹಗ್ಗವನ್ನು ಇನ್ನೊಂದು ಗಟ್ಟಿ ಕವಲಿನ ಮೇಲೆ ಹಾಯಿಸಿ, ಕೆಳಗೆ ಬೇರೊಂದು ಮರದ ಬುಡಕ್ಕೆ ಎರಡು ಮೂರು ಸುತ್ತು ಸುತ್ತಿ, ನಿಧಾನವಾಗಿ ಬಿಡುವುದೇ ಸರಿಯಾದ ಕ್ರಮ. ಹಳಬರಿಗೆ ಇದು ಗೊತ್ತು. ಅವಸರದಲ್ಲಿ ಬಿಟ್ಟುಬಿಡುತ್ತಾರೆ.

ಉಪಕರಣ

ನಮ್ಮಲ್ಲಿ ಇಂದಿಗೂ ಹೆಚ್ಚಿನವರು ಕಾಲಿಗೆ ತಳೆ ಹಾಕಿ ಹತ್ತುತ್ತಾರೆ. ತಳೆ ಹತ್ತಲು ನೆರವಾಗುತ್ತದೆಯೇ ಹೊರತು ಬೀಳುವುದನ್ನು ತಡೆಯುವುದಿಲ್ಲ. ತೆಂಗಿನ ಮರಕ್ಕೆ ಈಗ ಎರಡು ಭಾಗಗಳ, ಕಾಲಿನಿಂದ ತುಳಿದು ಏರುವ ಯಂತ್ರ ಲಭ್ಯವಿದೆ. ಇದರ ಪ್ರಸಿದ್ಧ ಮಾದರಿ ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ "ತೆಂಗಿನ ಮರದ ಸ್ನೇಹಿತರು" ತರಬೇತಿಯಲ್ಲಿ ಇಂಥ ಯಂತ್ರವನ್ನೇ ಕಲಿಸುತ್ತಾರೆ. ಆರು ದಿನಗಳ ಈ ತರಬೇತಿಯಲ್ಲಿ ಹತ್ತುವುದರ ಜೊತೆಗೆ ಸುಳಿ ಶುಚಿಗೊಳಿಸುವುದು, ಕುರುವಾಯಿ ಕೀಟ ಮತ್ತು ಕೆಂಪು ಮೂತಿ ಹುಳುವಿನ ಹಾವಳಿ ಗುರುತಿಸುವುದು, ಕಾಯಿಯ ಬಲಿತ ಹಂತ ತಿಳಿಯುವುದು ಸೇರಿವೆ. ಕೇರಳದಲ್ಲಿ ಮಹಿಳೆಯರೂ ಈ ತರಬೇತಿ ಪಡೆದು ದುಡಿಯುತ್ತಿದ್ದಾರೆ. ನಮ್ಮ ಸಂಜೀವಿನಿ ಒಕ್ಕೂಟಗಳು ಯೋಚಿಸಬೇಕಾದ ಸಂಗತಿ ಇದು.

ಯಂತ್ರಕ್ಕೂ ಮಿತಿಯುಂಟು. ಪಾಚಿ ಹಿಡಿದ ಒದ್ದೆ ಮರದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಬಾಗಿದ ಮರಕ್ಕೆ ಹೊಂದುವುದಿಲ್ಲ. ಯಂತ್ರದೊಂದಿಗೆ ಬರುವ ಸುರಕ್ಷಾ ಪಟ್ಟಿಯನ್ನು "ಕೆಲಸಕ್ಕೆ ಅಡ್ಡಿ" ಎಂದು ಬಿಚ್ಚಿಟ್ಟರೆ ಯಂತ್ರವಿದ್ದೂ ಪ್ರಯೋಜನವಿಲ್ಲ. ಅಡಿಕೆಗೆ ಬೇರೆಯೇ ದಾರಿ ಕಂಡುಕೊಂಡಿದ್ದಾರೆ. ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು 2019ರಲ್ಲಿ ಎಂಜಿನ್ ಜೋಡಿಸಿದ ಮರ ಹತ್ತುವ ಬೈಕ್ ರೂಪಿಸಿ ದೇಶದ ಗಮನ ಸೆಳೆದರು. ಅದಕ್ಕಿಂತ ಹೆಚ್ಚು ವ್ಯಾಪಕವಾಗಿ ಬಳಕೆಗೆ ಬಂದದ್ದು ಕಾರ್ಬನ್ ಫೈಬರ್ ದೋಟಿ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧವನ್ನೂ ಹೊಡೆಯಬಹುದು. ಬೀಳುವ ಅಪಾಯ ಇಲ್ಲವಾಗುತ್ತದೆ. ಆದರೆ ಅದರ ಜಾಗದಲ್ಲಿ ವಿದ್ಯುತ್ತಿನ ಅಪಾಯ ಬಂದು ನಿಲ್ಲುತ್ತದೆ.

ಟೊಂಗೆ ಕಡಿಯುವವರಿಗೆ ಇಡೀ ಮೈಗೆ ಹಾಕುವ ಸುರಕ್ಷಾ ಪಟ್ಟಿ ಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಬಿದ್ದಾಗ ಬೆನ್ನುಮೂಳೆಯನ್ನೇ ಮುರಿಯಬಲ್ಲದು. ಖರೀದಿಸುವಾಗ ಪಟ್ಟಿಯ ಮೇಲೆ ಐಎಸ್ 3521, ಶಿರಸ್ತ್ರಾಣದ ಮೇಲೆ ಐಎಸ್ 2925 ಎಂಬ ಭಾರತೀಯ ಮಾನಕದ ಗುರುತು ಇದೆಯೇ ನೋಡಬೇಕು. ಬೈಕ್ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ. ಅದರಲ್ಲಿ ಮೇಲಕ್ಕೆ ನೋಡಲಾಗದು, ಕೆಳಗಿನವರ ಕೂಗೂ ಕೇಳದು. ಒಮ್ಮೆ ಬೀಳುವಿಕೆಯನ್ನು ತಡೆದ ಪಟ್ಟಿ ಮತ್ತು ಹಗ್ಗವನ್ನು ಮತ್ತೆ ಬಳಸಕೂಡದು. ದನ ಕಟ್ಟಲು ಬಳಸಿದ ಹಗ್ಗವನ್ನಂತೂ ಯಾವ ಕಾರಣಕ್ಕೂ ಮರಕ್ಕೆ ಒಯ್ಯಬಾರದು.

ವಿದ್ಯುತ್ ತಂತಿ

ಅಲ್ಯೂಮಿನಿಯಂ ದೋಟಿ ವಿದ್ಯುತ್ ಹರಿಸುತ್ತದೆಂಬುದು ಬಹುತೇಕರಿಗೆ ಗೊತ್ತು. ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕವೆಂಬುದು ಎಲ್ಲರಿಗೂ ಗೊತ್ತಿಲ್ಲ. ಹಗುರವಾದ, ಕಪ್ಪನೆಯ, ಪ್ಲಾಸ್ಟಿಕ್‌ನಂತೆ ಕಾಣುವ ಕೋಲು ಆದ್ದರಿಂದ ಸುರಕ್ಷಿತವೆಂದು ಜನ ಭಾವಿಸುತ್ತಾರೆ. ಬಿದಿರಿನ ಗಳವೂ ಒದ್ದೆಯಾದಾಗ ಅಪಾಯಕಾರಿಯೇ. 11 ಕೆ.ವಿ. ಮಾರ್ಗದ ಹತ್ತಿರ ಕೋಲು ತಂತಿಗೆ ತಾಗಲೇಬೇಕೆಂದಿಲ್ಲ. ತೀರ ಸಮೀಪಿಸಿದರೂ ಸಾಕು.

ಪಾಲಿಸಬೇಕಾದ ನಿಯಮ ಸರಳ. ದೋಟಿಯನ್ನು ಪೂರ್ತಿ ಉದ್ದಕ್ಕೆ ಎಳೆದು ನೆಟ್ಟಗೆ ನಿಲ್ಲಿಸಿದಾಗ, ಅದು ಯಾವ ದಿಕ್ಕಿಗೆ ವಾಲಿದರೂ ತಂತಿಯವರೆಗೆ ತಲುಪಬಾರದು. ತಲುಪುವಂತಿದ್ದರೆ ಆ ಮರದ ಕೆಲಸ ಹೆಸ್ಕಾಂ ಶಾಖೆಗೆ ತಿಳಿಸಿ ಮಾರ್ಗ ಬಂದ್ ಮಾಡಿಸಿದ ಬಳಿಕವೇ. "ಕರೆಂಟ್ ಹೋಗಿದೆ" ಎಂಬುದು "ಮಾರ್ಗ ಬಂದ್ ಆಗಿದೆ" ಎಂಬುದಕ್ಕೆ ಸಮವಲ್ಲ. ಹೋದ ವಿದ್ಯುತ್ ಯಾವ ಕ್ಷಣದಲ್ಲಿಯೂ ಮರಳಿ ಬರಬಹುದು. ಅಕ್ಕಪಕ್ಕದ ಜನರೇಟರ್‌ನಿಂದ ತಂತಿಗೆ ಹಿಮ್ಮುಖವಾಗಿಯೂ ಹರಿಯಬಹುದು. ಲೈನ್‌ಮನ್ ಸ್ಥಳದಲ್ಲಿ ನಿಂತು ಹೇಳಿದ ನಂತರವೇ ಕೆಲಸ. ತಂತಿಯ ಮೇಲೆ ಮರ ಬಿದ್ದಲ್ಲಿ ಹೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಯಾರೂ ಸಮೀಪ ಸುಳಿಯದಂತೆ ಕಾಯುವುದು ಸದಸ್ಯರು ಮಾಡಬಹುದಾದ ಅತಿ ದೊಡ್ಡ ಉಪಕಾರ.

ಟೊಂಗೆ ಕಡಿಯುವ ಕ್ರಮ

ಕಡಿಯುವ ಕೌಶಲದ ಬಗ್ಗೆ ಒಂದೇ ಅಂಶವನ್ನು ವಿವರಿಸುತ್ತೇನೆ. ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅದು ಅರ್ಧಕ್ಕೆ ಮುರಿದು, ಕಾಂಡದ ತೊಗಟೆಯನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಕೆಲವೊಮ್ಮೆ ಕೊಯ್ಯುವವನ ಕಡೆಗೇ ತಿರುಗುತ್ತದೆ. ಸರಿಯಾದ ಕ್ರಮದಲ್ಲಿ ಮೂರು ಕೊಯ್ತಗಳಿವೆ. ಮೊದಲು ಕಾಂಡದಿಂದ ಒಂದು ಮೊಳ ಹೊರಗೆ, ಟೊಂಗೆಯ ಅಡಿಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳ ಕೊಯ್ಯಬೇಕು. ಬಳಿಕ ಅದಕ್ಕಿಂತ ನಾಲ್ಕು ಬೆರಳು ಹೊರಗೆ, ಮೇಲಿನಿಂದ ಪೂರ್ತಿ ಕೊಯ್ಯಬೇಕು. ಟೊಂಗೆ ಸ್ವಚ್ಛವಾಗಿ ಕಳಚಿ ಬೀಳುತ್ತದೆ. ಉಳಿದ ಗಿಡ್ಡ ತುಂಡನ್ನು ಕೊನೆಗೆ, ಟೊಂಗೆ ಕಾಂಡವನ್ನು ಸೇರುವಲ್ಲಿರುವ ಉಬ್ಬಿದ ಬಳೆಯಂಥ ಭಾಗಕ್ಕೆ ಪೆಟ್ಟಾಗದಂತೆ, ಅದರ ಹೊರ ಅಂಚಿನಲ್ಲಿ ತೆಗೆಯಬೇಕು. ಆ ಬಳೆಯೇ ಗಾಯವನ್ನು ಮುಚ್ಚುವ ಅಂಗಾಂಶ. ಅದನ್ನು ಕಡಿದರೆ ಮಳೆನೀರು ಇಳಿದು ಕಾಂಡ ಟೊಳ್ಳಾಗುತ್ತದೆ. ಐದಾರು ವರ್ಷಗಳ ನಂತರ ಅದೇ ಮರ ಅಂಗನವಾಡಿಯ ಮೇಲೆ ಬೀಳುತ್ತದೆ. ಗಾಯಕ್ಕೆ ಸಿಮೆಂಟ್ ತುಂಬುವುದರಿಂದ ಲಾಭವಿಲ್ಲ.

ಮರದ ತಲೆಯನ್ನೇ ಹಾರಿಸಿ ಬೋಳು ಮಾಡುವ ರೂಢಿಯನ್ನು ಸದಸ್ಯರು ನಿರುತ್ಸಾಹಗೊಳಿಸಬೇಕು. ಬೋಳು ಮರದಲ್ಲಿ ಮತ್ತೆ ಚಿಗುರುವ ಟೊಂಗೆಗಳು ತೊಗಟೆಯ ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ, ಗಾಳಿಗೆ ಸುಲಭವಾಗಿ ಕಳಚುತ್ತವೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯಲ್ಲಿ ಏನು ಮಾಡಿತೆಂಬುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಟೊಂಗೆ ಸವರುವ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಮೇ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಕರೆದಾಗ ಕೆಲಸಗಾರ ಅವಸರಕ್ಕೆ ಬೀಳುತ್ತಾನೆ, ಅದೇ ಹೊತ್ತಿಗೆ ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣದ ಮೊದಲ ಸಿಂಪರಣೆಯೂ ಬಂದಿರುತ್ತದೆ. ಸಿಂಪಡಿಸುವವರು ಕಣ್ಣಿಗೆ ಕನ್ನಡಕ, ಕೈಗವಸು ಧರಿಸಬೇಕು. ಸುಣ್ಣ ಮತ್ತು ಮೈಲುತುತ್ತ ಎರಡೂ ಕಣ್ಣಿಗೆ ಹಾನಿಕರ.

ಯಾವ ಮರ ಯಾರದ್ದು

ಸ್ವಉದ್ಯೋಗಿ ಕೆಲಸಗಾರನು ಗರಗಸ ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೇಳದಿದ್ದರೆ ಮೊಕದ್ದಮೆಯಲ್ಲಿ ಅವನ ಹೆಸರೂ, ಗರಗಸವೂ ಸೇರುತ್ತವೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಖಾಸಗಿ ಜಮೀನಿನ ಮರವನ್ನು ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಅಗತ್ಯ. ತೆಂಗು, ಗಾಳಿ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಶ್ರೀಗಂಧ, ಬೀಟೆ, ಸಾಗುವಾನಿಗಳ ವಿಷಯದಲ್ಲಿ ಬಾಯಿಮಾತಿನ ಒಪ್ಪಿಗೆಯನ್ನು ಯಾರಿಂದಲೂ ನಂಬಬಾರದು. ನಮ್ಮ ಮೂರೂ ತಾಲೂಕುಗಳು ಹೊನ್ನಾವರ ಅರಣ್ಯ ವಿಭಾಗಕ್ಕೆ ಸೇರಿರುವುದರಿಂದ, ಸಂಬಂಧಿಸಿದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ಸ್ಪಷ್ಟ ಉತ್ತರ ಸಿಗುತ್ತದೆ. ಕಡಿಯುವುದಕ್ಕೆ ವಿನಾಯಿತಿ ಇದ್ದ ಮಾತ್ರಕ್ಕೆ ಸಾಗಿಸುವುದಕ್ಕೂ ಇದೆಯೆಂದು ಭಾವಿಸದೆ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಅಡಿಕೆ ತೋಟಗಳಿಗೆ ಬಿಟ್ಟ ಸೊಪ್ಪಿನ ಬೆಟ್ಟದ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ತೋಟಿಗರಿಗಿರುವುದು ಸೊಪ್ಪು, ದರಕು ತೆಗೆಯುವ ಸೌಲಭ್ಯವೇ ಹೊರತು ಮರದ ಒಡೆತನವಲ್ಲ. "ನಮ್ಮದೇ ಬೆಟ್ಟ, ಕಡಿ" ಎಂದು ತೋಟದವರು ಹೇಳಿದರೂ ಕಡಿದವನು ಹೊಣೆಯಿಂದ ತಪ್ಪಿಸಿಕೊಳ್ಳಲಾರ.

ನೆರೆಮನೆಯ ಮರ ತಮ್ಮ ಮಾಡಿನ ಮೇಲೆ ಬೀಳುವಂತಿದೆ ಎಂಬ ಅರ್ಜಿಗಳು ಪಂಚಾಯತ್‌ಗೆ ಪ್ರತಿ ಮೇ ತಿಂಗಳು ಬರುತ್ತವೆ. ಮಾತುಕತೆಯಿಂದ ಬಗೆಹರಿದರೆ ಉತ್ತಮ. ಬಗೆಹರಿಯದಿದ್ದರೆ ಸದಸ್ಯರು ತಾವೇ ಆಳು ಕರೆಸಿ ಕಡಿಸುವುದು ಸರಿಯಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು) ಬೀಳುವ ಸ್ಥಿತಿಯಲ್ಲಿರುವ, ಜನರಿಗೆ ಅಪಾಯ ತರಬಲ್ಲ ಮರವನ್ನು ತೆಗೆಯಲು ಅಥವಾ ಆಧಾರ ಕೊಡಲು ಆದೇಶಿಸುವ ಅಧಿಕಾರವನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ನೀಡಿದೆ. ಛಾಯಾಚಿತ್ರ ಸಹಿತ ತಹಶೀಲ್ದಾರರಿಗೆ ಬರೆಯುವುದೇ ಸರಿಯಾದ ಮಾರ್ಗ.

ದರ ಮತ್ತು ಆದಾಯ

"ಒಂದು ಮರಕ್ಕೆ ಇಷ್ಟೊಂದು ಕೇಳುತ್ತಾರೆ" ಎಂಬ ಮಾತು ಸಾಮಾನ್ಯ. ಒಂದು ಮಾದರಿ ಲೆಕ್ಕ ನೋಡೋಣ. ಅಂಕಿಗಳು ಕಲ್ಪಿತ, ತಮ್ಮ ಊರಿನ ದರ ಹಾಕಿ ಮತ್ತೊಮ್ಮೆ ಮಾಡಿಕೊಳ್ಳಬಹುದು. ದಿನಕ್ಕೆ 25 ತೆಂಗಿನ ಮರ, ಮರಕ್ಕೆ 60 ರೂಪಾಯಿ ಎಂದಿಟ್ಟುಕೊಂಡರೆ ದಿನದ ಗಳಿಕೆ 1,500 ರೂ. ಒಣ ಎಂಟು ತಿಂಗಳಲ್ಲಿ ತಿಂಗಳಿಗೆ 18 ದಿನ, ಮಳೆಯ ನಾಲ್ಕು ತಿಂಗಳಲ್ಲಿ ತಿಂಗಳಿಗೆ 5 ದಿನ ಕೆಲಸವೆಂದರೆ ವರ್ಷಕ್ಕೆ 164 ದಿನ. ಒಟ್ಟು 2,46,000 ರೂ. ಬೈಕಿನ ಪೆಟ್ರೋಲ್ ದಿನಕ್ಕೆ 150 ರೂ.ನಂತೆ 24,600. ಹಗ್ಗ, ಪಟ್ಟಿ, ಯಂತ್ರದ ಸವಕಳಿ 12,000. ವಿಮೆ 1,000. ಮೈಕೈ ನೋವು, ಔಷಧಕ್ಕೆ 10,000. ಉಳಿಯುವುದು 1,98,400 ರೂ., ಅಂದರೆ ತಿಂಗಳಿಗೆ ಸುಮಾರು 16,500. ಐವತ್ತು ವರ್ಷ ದಾಟಿದ ಮೇಲೆ ಈ ಕೆಲಸ ಮಾಡಲಾಗದೆಂಬುದನ್ನೂ ಸೇರಿಸಿಕೊಂಡರೆ, ಅರವತ್ತು ರೂಪಾಯಿ ಹೆಚ್ಚೆಂದು ಹೇಳುವುದು ಕಷ್ಟ. ದರ ನಿಗದಿ ಮಾಡುವಂತೆ ಪಂಚಾಯತ್ ಮೇಲೆ ಒತ್ತಡ ಬರುವುದುಂಟು. ಅದು ಪಂಚಾಯತ್ ಮಾಡುವ ಕೆಲಸವಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದರ ಕಟ್ಟಿಹಾಕಿದರೆ ಕೆಲಸಗಾರ ಮೊದಲು ಕೈಬಿಡುವುದು ಸುರಕ್ಷತೆಯ ಖರ್ಚನ್ನೇ.

ಆದಾಯ ಸ್ಥಿರವಾಗಬೇಕಾದರೆ ಕರೆ ಬಂದಾಗ ಹೋಗುವ ಪದ್ಧತಿ ಬಿಟ್ಟು ಸುತ್ತಿನ ಪದ್ಧತಿಗೆ ಬರಬೇಕು. ತೆಂಗನ್ನು ಸುಮಾರು 45 ದಿನಗಳಿಗೊಮ್ಮೆ ಕೊಯ್ಯುವುದು ವಾಡಿಕೆ. ಅಕ್ಕಪಕ್ಕದ ಮಜರೆಗಳಲ್ಲಿ ಒಟ್ಟು 600 ಮರಗಳ ಗಿರಾಕಿ ಗೊತ್ತುಮಾಡಿಕೊಂಡವನಿಗೆ, ದಿನಕ್ಕೆ 25ರಂತೆ, ಒಂದು ಸುತ್ತಿಗೆ 24 ದಿನಗಳ ಖಚಿತ ಕೆಲಸ. ಮಿಕ್ಕ ದಿನಗಳಲ್ಲಿ ಟೊಂಗೆ ಕೆಲಸ, ವಿಶ್ರಾಂತಿ. ಸುಳಿ ಶುಚಿಗೊಳಿಸಿ ಕೀಟದ ಸುಳಿವು ತಿಳಿಸುವುದಕ್ಕೆ ಮರಕ್ಕೆ ಹತ್ತು ರೂಪಾಯಿ ಹೆಚ್ಚು ಕೊಡಲು ತೋಟದವರು ಹಿಂಜರಿಯುವುದಿಲ್ಲ. ಒಂದು ಮರ ಉಳಿದರೆ ಅವರಿಗಾಗುವ ಲಾಭ ದೊಡ್ಡದು. ಟೊಂಗೆ ಕೆಲಸಕ್ಕೆ ಮಾತ್ರ ಮರದ ಲೆಕ್ಕದಲ್ಲಿ ದರ ಹೇಳಬಾರದು. ಮೊದಲು ನೋಡಿ, ಮಾಡಿನ ಹೆಂಚು ಒಡೆದರೆ ಯಾರ ಹೊಣೆ, ಕಡಿದ ಸೊಪ್ಪು ಸೌದೆ ಯಾರು ಸಾಗಿಸಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಕೆಲಸಕ್ಕೆ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಜಗಳಕ್ಕೆ ಅವಕಾಶವಿಲ್ಲ.

ಒಬ್ಬಂಟಿ ದುಡಿಮೆಗಿಂತ ಮೂವರ ತಂಡ ಮೇಲು. ಒಬ್ಬ ಮೇಲೆ, ಒಬ್ಬ ಹಗ್ಗದಲ್ಲಿ, ಒಬ್ಬ ದಾರಿ ಕಾಯಲು. ಉದ್ಯಮ್ ನೋಂದಣಿ ಉಚಿತ. ಅದನ್ನು ಮಾಡಿಸಿಕೊಂಡರೆ ಯಂತ್ರ, ದೋಟಿ ಖರೀದಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ.ವರೆಗೆ ಸಾಲ ಕೇಳಲು ಅನುಕೂಲ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮರ ಹತ್ತುವುದು ಸೇರಿಲ್ಲ. ಇದನ್ನು ಮೊದಲೇ ತಿಳಿಸಿದರೆ ಜನ ಸುಮ್ಮನೆ ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ. ತರಬೇತಿಯ ಬಗ್ಗೆ ತಾಲೂಕು ತೋಟಗಾರಿಕೆ ಕಚೇರಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರ, ಹಳಿಯಾಳದ ಆರ್‌ಸೆಟಿ ಇವುಗಳಲ್ಲಿ ವಿಚಾರಿಸಬಹುದು. ಹತ್ತಿಪ್ಪತ್ತು ಜನರ ಹೆಸರಿನ ಪಟ್ಟಿಯೊಂದಿಗೆ ಪಂಚಾಯತ್ ಪತ್ರ ಬರೆದರೆ ಅದರ ತೂಕವೇ ಬೇರೆ.

ಬಿದ್ದಾಗ

ಮರದಿಂದ ಬಿದ್ದವನನ್ನು ಎತ್ತಿ ಕೂರಿಸುವುದು, ರಿಕ್ಷಾದಲ್ಲಿ ಮಡಚಿ ಮಲಗಿಸುವುದು ನಮ್ಮ ಊರುಗಳ ರೂಢಿ. ಬೆನ್ನುಮೂಳೆಯ ಬಿರುಕು ನರಕ್ಕೆ ಇಳಿಯುವುದು ಬಹಳ ಸಲ ಈ ಹಂತದಲ್ಲಿಯೇ. 108ಕ್ಕೆ ಕರೆ ಮಾಡಿ, ತಲೆ ಮತ್ತು ಕುತ್ತಿಗೆ ಅಲುಗದಂತೆ ಹಿಡಿದು, ಅಗತ್ಯವಿದ್ದಲ್ಲಿ ಮಾತ್ರ ಬಾಗಿಲ ಹಲಗೆಯಂಥ ಗಟ್ಟಿ ಹಲಗೆಯ ಮೇಲೆ ನಾಲ್ವರು ಒಟ್ಟಿಗೆ ಜಾರಿಸಬೇಕು. ಸುರಕ್ಷಾ ಪಟ್ಟಿಯಲ್ಲಿ ಪ್ರಜ್ಞೆಯಿಲ್ಲದೆ ನೇತಾಡುತ್ತಿರುವವನನ್ನು ನಿಮಿಷಗಳೊಳಗೆ ಇಳಿಸಬೇಕು. ಕಾಲಿನಲ್ಲಿ ರಕ್ತ ನಿಂತು ಜೀವಕ್ಕೇ ಅಪಾಯ. ಆದ್ದರಿಂದ ಕೆಳಗಿರುವ ಒಬ್ಬನಿಗಾದರೂ ಮರ ಹತ್ತಲು ಬರುತ್ತಿರಬೇಕು. ಗಂಭೀರ ಗಾಯಾಳುಗಳನ್ನು ನಮ್ಮಲ್ಲಿಂದ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುತ್ತಾರೆ. ಕುಮಟಾದಿಂದ ಮಣಿಪಾಲ ನೂರು ಕಿ.ಮೀ.ಗೂ ಹೆಚ್ಚು ದೂರ. ಆ ದಾರಿಯುದ್ದಕ್ಕೂ ಬೆನ್ನು ನೇರವಾಗಿರುವುದು ಮೊದಲ ಹತ್ತು ನಿಮಿಷ ನಾವು ಮಾಡಿದ್ದರ ಮೇಲೆ ನಿಂತಿದೆ.

ವಿಮೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂ. ಕಂತು. 18ರಿಂದ 70 ವರ್ಷದವರಿಗೆ ಅಪಘಾತದಿಂದ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ ರೂ. ಪರಿಹಾರ. ಈ ಯೋಜನೆಯ ನಿಯಮಗಳಲ್ಲಿ ಮರದಿಂದ ಬೀಳುವುದನ್ನು ಹೆಸರಿಸಿಯೇ ಹೇಳಲಾಗಿದೆ: ಅದಕ್ಕೆ ಕೂಡಲೇ ದಾಖಲಾದ ಆಸ್ಪತ್ರೆಯ ದಾಖಲೆ ಆಧಾರವಾಗಬೇಕು. ಇಲ್ಲಿಯೇ ಎಡವಟ್ಟಾಗುವುದು. ನಾನು ನೋಡಿದ ಒಂದು ಪ್ರಕರಣದಲ್ಲಿ, ಗಾಯಾಳುವನ್ನು ಮೊದಲು ಒಯ್ದ ಆಸ್ಪತ್ರೆಯ ಚೀಟಿಯಲ್ಲಿ "ಬಿದ್ದು ಪೆಟ್ಟು" ಎಂದಷ್ಟೇ ಬರೆದಿತ್ತು. ಎಲ್ಲಿಂದ ಬಿದ್ದದ್ದು ಎಂಬುದಿರಲಿಲ್ಲ. ಆ ಒಂದು ಪದವನ್ನು ಸೇರಿಸಲು ಅವನ ಹೆಂಡತಿ ತಿಂಗಳುಗಟ್ಟಲೆ ಅಲೆದಳು. ಜೊತೆಯಲ್ಲಿ ಹೋದವರು "ತೆಂಗಿನ ಮರದಿಂದ ಬಿದ್ದದ್ದು" ಎಂದು ಮೊದಲ ಚೀಟಿಯಲ್ಲಿಯೇ ಬರೆಸಬೇಕು, ಅದರ ಪ್ರತಿ ಇಟ್ಟುಕೊಳ್ಳಬೇಕು.

ತೆಂಗಿನ ಮರ ಹತ್ತುವವರಿಗಾಗಿಯೇ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಕಂತಿನ ದೊಡ್ಡ ಪಾಲನ್ನು ಮಂಡಳಿ ಭರಿಸುತ್ತದೆ, ತರಬೇತಿ ಪಡೆದವರಿಗೆ ಮೊದಲ ವರ್ಷ ಪೂರ್ತಿ. ಮೊತ್ತ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಮಂಡಳಿಯ ಬೆಂಗಳೂರು ಕಚೇರಿಯಿಂದ ಹೊಸ ನಮೂನೆಯನ್ನೇ ತರಿಸಬೇಕು. ಅರ್ಜಿಯನ್ನು ದೃಢೀಕರಿಸಬಹುದಾದವರಲ್ಲಿ ಪಂಚಾಯತ್ ಅಧ್ಯಕ್ಷರೂ ಇದ್ದಾರೆ. ಆದ್ದರಿಂದ ಈ ಕೆಲಸಕ್ಕೆ ತಾಲೂಕು ಕೇಂದ್ರಕ್ಕೆ ಯಾರೂ ಅಲೆಯಬೇಕಿಲ್ಲ. 16ರಿಂದ 59 ವರ್ಷದವರನ್ನು ಇ-ಶ್ರಮ್‌ನಲ್ಲಿಯೂ ಇದೇ ಸಂದರ್ಭದಲ್ಲಿ ನೋಂದಾಯಿಸಬಹುದು.

ಪಂಚಾಯತ್ ತಾನೇ ಶಾಲೆ, ರಸ್ತೆ ಬದಿಯ ಟೊಂಗೆ ತೆಗೆಸುವಾಗ ವಿಮೆಯಿಲ್ಲದ, ಪಟ್ಟಿ ಕಟ್ಟದ ವ್ಯಕ್ತಿಯನ್ನು ಮರ ಹತ್ತಿಸಕೂಡದೆಂದು ಠರಾವು ಮಾಡಿಕೊಳ್ಳುವುದು ಒಳಿತು. ಸದಸ್ಯರು ತಮ್ಮ ವಾರ್ಡಿನಲ್ಲಿ ಈ ಕಸುಬಿನವರ ಹೆಸರು, ವಯಸ್ಸು, ಯಾವ ಯಾವ ಮರದ ಕೆಲಸ, ಯಾವ ಉಪಕರಣ, ವಿಮೆಯ ಸ್ಥಿತಿ ಇಷ್ಟನ್ನು ಬರೆದು ತಂದರೆ ಪಂಚಾಯತ್ ಕಚೇರಿಯಲ್ಲಿ ಒಂದು ವಹಿ ಸಿದ್ಧವಾಗುತ್ತದೆ. ಅವರು ಒಪ್ಪಿದರೆ ಮಾತ್ರ ದೂರವಾಣಿ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕಬೇಕು. ಸುರಕ್ಷಾ ಬಿಮಾದ ಅವಧಿ ಜೂನ್ 1ರಿಂದ ಮೇ 31ರವರೆಗೆ ಇರುತ್ತದೆ. ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಖಾತೆಯಲ್ಲಿ ಹಣವಿಲ್ಲದೆ ವಿಮೆ ನಿಂತುಹೋಗುವುದು, ಮರಗಳು ಜಾರುವ ಮಳೆಗಾಲ ಆರಂಭವಾಗುವುದು ಎರಡೂ ಒಂದೇ ವಾರದಲ್ಲಿ. ಆದುದರಿಂದ ಮೇ ತಿಂಗಳ ಎರಡನೇ ವಾರದಲ್ಲಿ ವಹಿಯಲ್ಲಿರುವ ಪ್ರತಿಯೊಬ್ಬರಿಗೂ ವಾರ್ಡಿನ ಸದಸ್ಯರು ಒಂದು ಕರೆ ಮಾಡಿ, ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇದೆಯೇ ಎಂದು ಕೇಳಬೇಕು.